ತಳಿ ಪಟ್ಟಿಯಲ್ಲಿ ನಿಮ್ಮ ರಾಸಿನ ಹೆಸರಿಲ್ಲವೇ?

ಹಾಲು ಉತ್ಪಾದಕ ಸದಸ್ಯರೇ,

ರಾಸಿನ ವಿವರವನ್ನು ಈಗ ಕಂಪ್ಯೂಟರ್ ಅಥವಾ ಮೊಬೈಲ್ ನಮೂನೆಯಲ್ಲಿ ತುಂಬುವುದು ವಾಡಿಕೆ. ‘ತಳಿ’ ಎಂಬಲ್ಲಿ ಒತ್ತಿದೊಡನೆ ಹೆಸರುಗಳ ಪಟ್ಟಿ ಕೆಳಗಿಳಿಯುತ್ತದೆ. ಅದರಲ್ಲಿ ನಿಮ್ಮ ರಾಸಿನ ತಳಿ ಇಲ್ಲದಿದ್ದರೆ, ‘ಯಾವುದೋ ಒಂದು ಹಾಕಿಬಿಡಿ’ ಎನ್ನಬೇಡಿ.

ಮಲೆನಾಡು ಗಿಡ್ಡ ಹಸುವನ್ನು ಮಿಶ್ರತಳಿ ಎಂದು ಬರೆಸಿದಿರೆನ್ನಿ. ಆ ದಾಖಲೆಯನ್ನೇ ನಂಬಿ ದೊಡ್ಡ ಗಾತ್ರದ ತಳಿಯ ವೀರ್ಯ ಕೊಟ್ಟರೆ, ಕರು ದೊಡ್ಡದಾಗಿ ಹೆರಿಗೆ ಕಷ್ಟವಾಗಬಹುದು. ಹುಟ್ಟಿದ ಕರುವಿನ ವಂಶದ ದಾಖಲೆಯೂ ತಪ್ಪಾಗುತ್ತದೆ. ವಿಮೆ ಹಣ ಕೇಳುವಾಗ ಆಕ್ಷೇಪಣೆ ಬರಬಹುದು.

ಹಾಗೆಂದು ಪಟ್ಟಿಯನ್ನೇ ತೆಗೆದುಹಾಕುವುದು ಸರಿಯಲ್ಲ. ಹೋಲ್‌ಸ್ಟೀನ್ ಫ್ರೀಸಿಯನ್ ಹಸುವನ್ನು ಒಬ್ಬರು ಎಚ್.ಎಫ್., ಇನ್ನೊಬ್ಬರು ಹೋಲ್‌ಸ್ಟೀನ್, ಮತ್ತೊಬ್ಬರು ಸೀಮೆಹಸು ಎಂದು ಬರೆಯುತ್ತಾರೆ. ಕಂಪ್ಯೂಟರಿನ ಲೆಕ್ಕಕ್ಕೆ ಅವು ಮೂರು ತಳಿಗಳು! ಆದ್ದರಿಂದ ಪಟ್ಟಿಯೂ ಇರಬೇಕು, ಹೊಸ ಹೆಸರಿಗೆ ಎಡೆಯೂ ಇರಬೇಕು.

ಪಟ್ಟಿ ಬೆಳೆಯಲೇಬೇಕು ಎಂಬುದಕ್ಕೆ ಧಾರವಾಡಿ ಎಮ್ಮೆಯೇ ಸಾಕ್ಷಿ. ಅದನ್ನು ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಪ್ರತ್ಯೇಕ ತಳಿಯಾಗಿ ನೋಂದಾಯಿಸಿದ್ದು 2021ರಲ್ಲಿ. ಅದಕ್ಕೂ ಮೊದಲೇ ಈ ಎಮ್ಮೆ ರೈತರ ಕೊಟ್ಟಿಗೆಯಲ್ಲಿ ಹಾಲು ಕೊಡುತ್ತಿತ್ತು.

ಸಂಘಕ್ಕೆ ನಮೂನೆ ಸಿದ್ಧಪಡಿಸುವವರು ಗಮನಿಸಬೇಕಾದ ಅಂಶಗಳು:

1. ಪಟ್ಟಿಯ ಕೊನೆಗೆ ‘ಇತರೆ’ ಇರಲಿ. ಅದನ್ನು ಆರಿಸಿದಾಗ ಬರೆಯುವ ಖಾಲಿ ಜಾಗ ತೆರೆದುಕೊಳ್ಳಲಿ.

2. ಎಚ್‌ಟಿಎಂಎಲ್‌ನ ‘ಸೆಲೆಕ್ಟ್’ ಪಟ್ಟಿಯಲ್ಲಿ ಇದ್ದುದನ್ನಷ್ಟೇ ಆರಿಸಬಹುದು. ‘ಡೇಟಾಲಿಸ್ಟ್’ ಹೆಸರುಗಳನ್ನು ಸೂಚಿಸುತ್ತದೆ, ಬೇರೆ ಹೆಸರು ಬರೆಯಲೂ ಬಿಡುತ್ತದೆ.

3. ಬರೆದ ಹೊಸ ಹೆಸರು ನೇರವಾಗಿ ಎಲ್ಲರ ಪಟ್ಟಿಗೆ ಸೇರಬಾರದು. ಪಶುವೈದ್ಯರು ನೋಡಿ ಒಪ್ಪಿದ ಮೇಲೆ ಸೇರಲಿ. ಅದೇ ತಳಿಗೆ ಬೇರೆ ಹೆಸರು ಬಂದಿದ್ದರೆ ಒಂದೇ ಹೆಸರಿನಡಿ ಕೂಡಿಸಲಿ.

ಸದಸ್ಯರು ಮಾಡಬೇಕಾದುದು:

1. ಮೊದಲು ಪಟ್ಟಿಯನ್ನು ಕೊನೆಯವರೆಗೂ ನೋಡಿಸಿ.

2. ತಳಿ ಸಿಗದಿದ್ದರೆ ‘ಇತರೆ’ ಆರಿಸಿ, ಊರಿನಲ್ಲಿ ಕರೆಯುವ ಹೆಸರನ್ನೇ ಬರೆಸಿ. ‘ನಾಟಿ’ ಎಂದಷ್ಟೇ ಬರೆಸಿದರೆ ತಳಿ ತಿಳಿಯದು.

3. ತಳಿ ಗೊತ್ತಿಲ್ಲದಿದ್ದರೆ ಊಹಿಸದೆ ಪಶುವೈದ್ಯರನ್ನು ಕೇಳಿ.

4. ನಮೂನೆ ಕಳುಹಿಸುವ ಮೊದಲು ಬರೆದದ್ದನ್ನು ಓದಿಸಿ ಕೇಳಿ.

ರಾಸಿನ ಬೆಲೆ, ಚಿಕಿತ್ಸೆ, ಗರ್ಭಧಾರಣೆ ಎಲ್ಲಕ್ಕೂ ಈ ದಾಖಲೆ ಆಧಾರ. ಎರಡು ನಿಮಿಷ ಹೆಚ್ಚಾದರೂ ಚಿಂತೆಯಿಲ್ಲ, ನಿಮ್ಮ ರಾಸಿನ ಸರಿಯಾದ ಹೆಸರನ್ನೇ ಬರೆಸಿ.