ಹೌಸಿಂಗ್ ಬಿಚ್ಚುವ ಮುಂಚೆ

ಮಗಾ, ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ರಾತ್ರಿಯೆಲ್ಲ ತಲೆಯಲ್ಲಿ ಕೊರೆಯುತ್ತಿತ್ತು. ಪಿಕಪ್ಪಿನ ಮುಂದುಗಡೆಯಿಂದ ಗುಂಯ್ ಅಂತ ಸದ್ದು ಬರುತ್ತಿದೆ, ಗ್ಯಾರೇಜಿನವರು ಕ್ರೌನ್-ಪಿನಿಯನ್ ಹೋಗಿದೆ ಅಂದರು, ಸೋಮವಾರ ಬಿಚ್ಚಿಸುತ್ತೇನೆ ಅಂದೆಯಲ್ಲ? ಬಿಚ್ಚಿಸಬೇಡ. ನಾನು ಬರುವವರೆಗಾದರೂ ತಡಿ.

ನಮ್ಮ ತೋಟದ ಹಳೇ ಜೀಪಿಗೂ ಹೀಗೇ ಆಗಿತ್ತು. ಒಬ್ಬರ ಮಾತು ಕೇಳಿ ಮುಂದಿನ ಡಿಫರೆನ್ಷಿಯಲ್ ಪೂರ್ತಿ ಬಿಚ್ಚಿಸಿ ಹೊಸ ಜೋಡಿ ಹಾಕಿಸಿದೆ. ಆ ವರ್ಷ ಮೆಣಸು ಮಾರಿದ ದುಡ್ಡೆಲ್ಲ ಅದಕ್ಕೇ ಹೋಯಿತು. ಮನೆಗೆ ತರುವ ದಾರಿಯಲ್ಲೇ ಅದೇ ಸದ್ದು. ಕೊನೆಗೆ ನೋಡಿದರೆ ಸವೆದದ್ದು ಎಡಗಡೆಯ ವೀಲ್ ಬೇರಿಂಗ್. ದುಡ್ಡು ಹೋಗಿದ್ದಕ್ಕಿಂತ ಹೆಚ್ಚಿನ ಸಂಕಟ ಬೇರೆ ಇತ್ತು. ಕ್ರೌನಿಗೂ ಪಿನಿಯನ್ನಿಗೂ ನಡುವೆ ಇರಬೇಕಾದ ಸಂದು ಮಿಲಿಮೀಟರಿನ ಕಾಲು ಭಾಗವೂ ಇಲ್ಲ. ಒಮ್ಮೆ ಬಿಚ್ಚಿದ ಮೇಲೆ ಅದನ್ನು ಮತ್ತೆ ಅಷ್ಟಕ್ಕೇ ಕೂರಿಸುವುದು ಎಲ್ಲರ ಕೈಗೂ ಬಗ್ಗುವ ಕೆಲಸವಲ್ಲ. ಚೆನ್ನಾಗಿದ್ದದ್ದನ್ನೇ ನಾನು ಕೆಡಿಸಿದ್ದೆ.

ಅದಕ್ಕೇ ಹೇಳುತ್ತೇನೆ, ಮೊದಲು ಕಿವಿಗೆ ಕೆಲಸ ಕೊಡು. ಟಾರ್ ರಸ್ತೆಯಲ್ಲಿ ಟೂ ವೀಲಲ್ಲೇ ನಲವತ್ತರಲ್ಲಿ ಹೋಗು. ರಸ್ತೆ ಖಾಲಿ ಇದ್ದಾಗ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಆಡಿಸು. ಒಂದು ಕಡೆ ವಾಲಿದಾಗ ಸದ್ದು ಏರಿ, ಇನ್ನೊಂದು ಕಡೆ ವಾಲಿದಾಗ ತಗ್ಗಿದರೆ ಅನುಮಾನ ವೀಲ್ ಬೇರಿಂಗ್ ಮೇಲೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಸದ್ದು, ಬಿಟ್ಟಾಗ ಇನ್ನೊಂದು ಸದ್ದು ಬಂದರೆ ಹಿಂದಿನ ಹೌಸಿಂಗ್ ನೋಡು. ಟೂ ವೀಲಲ್ಲಿ ಇಂಜಿನ್ನಿನ ಭಾರ ಮುಂದಿನ ಹಲ್ಲುಗಳ ಮೇಲೆ ಬೀಳುವುದೇ ಇಲ್ಲವಲ್ಲ, ಚಕ್ರ ಉರುಳುವುದಕ್ಕೆ ಅವೂ ಸುಮ್ಮನೆ ಸುತ್ತುತ್ತವೆ ಅಷ್ಟೆ. ಚಾಸಿಸ್ ಹಿಡಿದು ಬರುವ ಸದ್ದು ಎಲ್ಲಿಂದ ಹುಟ್ಟಿತು ಅನ್ನುವುದರಲ್ಲಿ ಎಂಥವರನ್ನೂ ಏಮಾರಿಸುತ್ತದೆ.

ನಿನ್ನ ಗಾಡಿಗೆ ಕೈಯಲ್ಲಿ ತಿರುಗಿಸುವ ಹಬ್ ಲಾಕ್ ಇದೆ, ಅದು ನಿನ್ನ ಪುಣ್ಯ. ಎರಡೂ ಕಡೆ ಫ್ರೀ ಮಾಡಿ ಅದೇ ರಸ್ತೆಯಲ್ಲಿ ಮತ್ತೊಮ್ಮೆ ಹೋಗು. ಆಗ ಚಕ್ರ ಮಾತ್ರ ಉರುಳುತ್ತದೆ, ಆಕ್ಸಲ್, ಡಿಫರೆನ್ಷಿಯಲ್, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಎಲ್ಲ ನಿಂತಿರುತ್ತವೆ. ಆಗಲೂ ಸದ್ದು ಬಂದರೆ ಮುಂದಿನ ಕ್ರೌನಿನ ತಪ್ಪಿಲ್ಲ. ನಿಂತುಹೋದರೆ ಆ ಮೂರರಲ್ಲಿ ಯಾವುದೋ ಒಂದು.

ಒಣ ಟಾರ್ ಮೇಲೆ ಫೋರ್ ವೀಲ್ ಹಾಕಿ ಪರೀಕ್ಷೆ ಮಾಡಲು ಹೋಗಬೇಡ. ನಿನ್ನಂಥ ಗಾಡಿಯಲ್ಲಿ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದೇ ಸಮ ಸುತ್ತುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗಬೇಕಾಗುತ್ತದೆ, ಅದಕ್ಕೆ ಎಡೆ ಸಿಗದೆ ಸ್ಟೇರಿಂಗ್ ಬಿಗಿದು ಗಾಡಿ ಕುಪ್ಪಳಿಸುತ್ತದೆ. ಅದು ರೋಗವಲ್ಲ. ತೋಟದ ಕೆಸರು ದಾರಿಯಲ್ಲಿ ಮಾಡು, ಅಲ್ಲಿ ಚಕ್ರ ಜಾರಿ ಸರಿಹೋಗುತ್ತದೆ.

ಅಲ್ಲಿ ಮುಂದಕ್ಕೂ ರಿವರ್ಸಿಗೂ ಬದಲಿಸುವಾಗ ಟಕ್ ಅಂದರೆ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಕೆಳಗೆ ನುಗ್ಗು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡು. ಕಪ್ಪಿನ ಅಂಚಿನಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ಧೂಳು ಕೂತಿದ್ದರೆ ಒಳಗೆ ಗ್ರೀಸ್ ಸತ್ತು ತುಕ್ಕು ಹಿಡಿದಿದೆ ಅಂತಲೇ ಲೆಕ್ಕ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಕಟ್ ಕಟ್ ಅಂದರೆ ಚಕ್ರದ ಹತ್ತಿರದ ಜಾಯಿಂಟ್.

ಇನ್ನೊಂದು ಮಾತು. ಈ ಗಾಡಿ ನಿನ್ನ ಕೈಗೆ ಬರುವ ಮುಂಚೆ ಮೂರು ಕೈ ದಾಟಿದೆ. ಗುಜರಿಯಿಂದ ಬೇರೆ ಆಕ್ಸಲ್ ತಂದು ಕೂರಿಸಿದ್ದರೂ ಕೂರಿಸಿರಬಹುದು. ವಿಲ್ಲೀಸ್ ಜೀಪುಗಳಲ್ಲೇ ನೋಡು, ಯುದ್ಧಕಾಲದ್ದಕ್ಕೆ ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8. ಯುದ್ಧ ಮುಗಿದ ಮೇಲೆ ಜನರಿಗೆ ಮಾರಿದ ಜೀಪಿಗೆ 43ಕ್ಕೆ 8. ಒಂದಕ್ಕೆ 4.88, ಇನ್ನೊಂದಕ್ಕೆ 5.38. ಹಿಂದೆ ಒಂದು ಲೆಕ್ಕ, ಮುಂದೆ ಒಂದು ಲೆಕ್ಕ ಇದ್ದರೆ ಫೋರ್ ವೀಲ್ ಹಾಕಿದಾಗಲೆಲ್ಲ ಗೇರುಗಳು ಒಂದರ ಜೊತೆ ಒಂದು ಜಗ್ಗಾಡುತ್ತವೆ. ಹಬ್ ಲಾಕ್ ಮಾಡಿ, ಟೂ ವೀಲಲ್ಲಿಟ್ಟು, ಮುಂದಿನ ಒಂದೇ ಚಕ್ರ ಎತ್ತಿ ಎರಡು ಸುತ್ತು ತಿರುಗಿಸು. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ಅಂತ ಸೀಮೆಸುಣ್ಣದ ಗುರುತು ಹಾಕಿ ಎಣಿಸು. ಹಿಂದೆಯೂ ಹಾಗೇ ಎಣಿಸುವುದಕ್ಕೆ ಗಾಡಿ ನ್ಯೂಟ್ರಲ್ಲಿನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಅದನ್ನು ಒಬ್ಬನೇ ಮಾಡಬೇಡ. ಉಳಿದ ಚಕ್ರಗಳಿಗೆಲ್ಲ ಕಲ್ಲು ಕೊಡು, ಜಾಕ್ ಒಂದನ್ನೇ ನಂಬಬೇಡ.

ಇಷ್ಟೆಲ್ಲ ಆದ ಮೇಲೂ ಅನುಮಾನ ಹೌಸಿಂಗ್ ಮೇಲೆಯೇ ನಿಂತರೆ, ಒಳಗಿನ ಆಯಿಲ್ ನಿಜ ಹೇಳುತ್ತದೆ. ಸ್ವಲ್ಪ ಬೆರಳಿಗೆ ತಗೊಂಡು ಬಿಸಿಲಿಗೆ ಹಿಡಿ. ಕಪ್ಪಾಗಿದ್ದರೆ ಹಳತಾಗಿದೆ, ಅಷ್ಟೇ. ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ನೀನು ದಿನಾ ಹಳ್ಳ ದಾಟುತ್ತೀಯಲ್ಲ, ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ದರೆ ಹೌಸಿಂಗ್ ಸೀಲಿನ ಸಂದಿನಿಂದಲೇ ನೀರನ್ನು ಹೀರುತ್ತದೆ. ಎಷ್ಟೋ ಜನ ಸೀಲ್ ಮೇಲೆ ಸೀಲ್ ಬದಲಿಸುತ್ತಾರೆ, ಆ ಬೆರಳಗಲದ ಬ್ರೀದರನ್ನು ಒಮ್ಮೆಯೂ ಬಿಚ್ಚಿ ಊದಿ ನೋಡುವುದಿಲ್ಲ.

ಡ್ರೈನ್ ಪ್ಲಗ್ಗಿನ ಅಯಸ್ಕಾಂತದಲ್ಲಿ ಬೂದಿ ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಗಾಬರಿಯಾಗಬೇಡ, ಓಡಿದ ಗಾಡಿಗೆ ಅದು ಸಹಜ. ಉಗುರಿಗೆ ಸಿಗುವಂಥ ಚೂರು ಸಿಕ್ಕಿದರೆ ಮಾತ್ರ ಹಲ್ಲೋ ಬೇರಿಂಗೋ ಮುರಿಯುತ್ತಿದೆ. ಆಗ ಬಿಚ್ಚೋಣ, ನಾನೇ ಪಕ್ಕದಲ್ಲಿ ಕೂರುತ್ತೇನೆ. ಹಾಗೆ ಬದಲಿಸಬೇಕಾಗಿ ಬಂದರೆ ಕ್ರೌನೂ ಪಿನಿಯನ್ನೂ ಜೋಡಿಯಾಗಿಯೇ ಹಾಕಬೇಕು. ಒಂದು ಹಳತು, ಒಂದು ಹೊಸತು ಮಾಡಿಕೊಡುತ್ತೇನೆ ಅಂದವರ ಹತ್ತಿರ ಗಾಡಿ ಬಿಡಬೇಡ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಅಲ್ಲಿಯವರೆಗೆ ಡ್ರೈನ್ ಪ್ಲಗ್ ಮುಟ್ಟಬೇಡ. ಮೇಲಿನ ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿಕೊಂಡಿರಬೇಕು, ಇಲ್ಲದಿದ್ದರೆ ಆಯಿಲ್ ಇಳಿಸಿದ ಮೇಲೆ ಹೊಸತು ಹಾಕುವುದಕ್ಕೆ ದಾರಿಯಿರದೆ ಗಾಡಿ ಅಂಗಳದಲ್ಲೇ ನಿಲ್ಲುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟಿರಲಿಕ್ಕಿಲ್ಲ, ಜಾಮ್ ಆಗಿರುತ್ತದೆ. ಇವತ್ತು ಸಂಜೆಯೇ ಅದರ ಸುತ್ತ ತಂತಿ ಬ್ರಷ್ಷಿನಿಂದ ಕೆಸರು ತೆಗೆದು, ಸ್ವಲ್ಪ ಡೀಸೆಲ್ ಬಿಟ್ಟು ನೆನೆಸಿಡು.