ರಜಾಕಾರರ ಕಾಲ ನೆನಪಿದೆ, ಮುಂಜಾನೆಯ ರೊಟ್ಟಿ ನೆನಪಿಲ್ಲ

ಮನ್ನಳ್ಳಿಯಲ್ಲಿ ಮನೆಭೇಟಿಗೆ ಹೋದಾಗ, ತೊಂಬತ್ತರ ಹತ್ತಿರದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಅತ್ತರು: "ಮುಂಜಾನಿಂದ ಸೊಸಿ ಒಂದು ರೊಟ್ಟಿನೂ ಕೊಟ್ಟಿಲ್ರಿ, ಫಾದರ್." ಕಣ್ಣೊರೆಸಿಕೊಂಡು, 1948ರ ರಜಾಕಾರರ ಹಾವಳಿ, ಪೊಲೀಸ್ ಕಾರ್ಯಾಚರಣೆ, ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಎಲ್ಲವನ್ನೂ ಹೇಳಿದರು. ಇಷ್ಟೆಲ್ಲ ನೆನಪಿರುವವರು ಊಟ ಮರೆತಾರೆಯೇ? ನಾನು ಸೊಸೆಯನ್ನು ಗದರಿಸುವ ದನಿಯಲ್ಲೇ ಕೇಳಿದೆ. ಆಕೆ ಮಾತಾಡದೆ ಅತ್ತೆ ಆಗಷ್ಟೇ ಉಂಡಿಟ್ಟ ತಾಟನ್ನು ತಂದು ತೋರಿಸಿದಳು.

ಪ್ರಿಯ ಓದುಗರೇ, ಅಜ್ಜಿ ಸುಳ್ಳು ಹೇಳಿರಲಿಲ್ಲ. ಮೆದುಳಿನ ಒಳಗೆ ಎಡಕ್ಕೂ ಬಲಕ್ಕೂ ಹಿಪ್ಪೊಕ್ಯಾಂಪಸ್ ಎಂಬ ಚಿಕ್ಕ ಭಾಗವಿದೆ. ಇಂದಿನ ಅನುಭವವನ್ನು ನೆನಪಾಗಿ ಕೂಡಿಡುವುದು ಅದರ ಕೆಲಸ. ವರ್ಷಗಳು ಕಳೆದಂತೆ, ಮತ್ತೆ ಮತ್ತೆ ನೆನೆದ ಸಂಗತಿಗಳು ಮೆದುಳಿನ ಹೊರಪದರದಲ್ಲಿ ಹರಡಿ ಬೇರೂರುತ್ತವೆ. ಆಲ್‌ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಹಾಳುಮಾಡುವುದು ಹಿಪ್ಪೊಕ್ಯಾಂಪಸ್ ಇರುವ ಭಾಗವನ್ನೇ. ಹೊಸದು ಮೊದಲು ಅಳಿಯುತ್ತದೆ, ಹಳೆಯದು ಹೆಚ್ಚು ಕಾಲ ಉಳಿಯುತ್ತದೆ ಎಂದು ಫ್ರಾನ್ಸಿನ ರಿಬೊ 1881ರಲ್ಲೇ ಬರೆದಿದ್ದ.

ಅಮೆರಿಕದ ಹೆನ್ರಿ ಮೊಲೈಸನ್‌ಗೆ 1953ರಲ್ಲಿ, 27ನೆಯ ವಯಸ್ಸಿನಲ್ಲಿ, ಮೂರ್ಛೆರೋಗ ನಿಲ್ಲಿಸಲೆಂದು ಎರಡೂ ಕಡೆಯ ಈ ಭಾಗವನ್ನು ಬಹುಮಟ್ಟಿಗೆ ತೆಗೆದರು. 2008ರಲ್ಲಿ ತೀರಿಕೊಳ್ಳುವವರೆಗೂ ಆತ ಈಗ ಕಂಡವರನ್ನು ಸ್ವಲ್ಪ ಹೊತ್ತಿನಲ್ಲೇ ಮರೆಯುತ್ತಿದ್ದ. ತಂದೆತಾಯಿ, ಬಾಲ್ಯದ ಊರು ನೆನಪಿದ್ದವು. ಆದರೆ ಕೆದಕಿ ಕೇಳಿದಾಗ ಒಂದು ಗೊತ್ತಾಯಿತು: ಬಾಲ್ಯದ ಸಾರಾಂಶ ಹೇಳುತ್ತಿದ್ದನೇ ಹೊರತು, ಇಂಥ ದಿನ ಇಂಥದ್ದು ನಡೆಯಿತೆಂದು ವಿವರವಾಗಿ ಹೇಳಲು ಬಹಳ ಕಷ್ಟಪಡುತ್ತಿದ್ದ. ಆದ್ದರಿಂದ ಅಜ್ಜಿ ಹಳೆಯದನ್ನು ಸರಾಗವಾಗಿ ಹೇಳಿದರೆಂದು ಅದರ ಪ್ರತಿ ವಿವರವನ್ನೂ ಸಾಕ್ಷಿಯಾಗಿ ಹಿಡಿದು ಅಣ್ಣತಮ್ಮಂದಿರು ಹೊಲದ ಬದುವಿಗೆ ಜಗಳಾಡಬಾರದು. ಕಾಯಿಲೆ ಹೊರಪದರಕ್ಕೆ ಹಬ್ಬಿದಾಗ ಹಳೆಯ ನೆನಪೂ ಕರಗುತ್ತದೆ, ಹೆತ್ತ ಮಕ್ಕಳ ಹೆಸರೂ ಹೋಗುತ್ತದೆ. ಅಪರೂಪದ ಇನ್ನೊಂದು ಬಗೆಯಲ್ಲಿ ಇದು ತಿರುವುಮುರುವು: ಇತ್ತೀಚಿನದು ಇದ್ದು, ಹಳೆಯದು ಮಸುಕಾಗುತ್ತದೆ.

"ಉಂಡಿದ್ದೀ" ಎಂದು ವಾದಿಸಿದರೆ ಅವರಿಗೆ ಹಸಿವೂ ಅವಮಾನವೂ ಹೆಚ್ಚುತ್ತವೆ. ಅರ್ಧ ರೊಟ್ಟಿ ಕೊಟ್ಟು ಹಳೆಯ ಮಾತು ತೆಗೆಯುವುದು ಮೇಲು. ಆದರೆ ಬಿದ್ದ ಮೇಲೆ, ಜ್ವರದಲ್ಲಿ ಅಥವಾ ಒಂದೆರಡು ದಿನದಲ್ಲೇ ಮರೆವು ಬಂದರೆ ಮುಪ್ಪೆಂದು ಸುಮ್ಮನಿರದೆ ಕೂಡಲೇ ವೈದ್ಯರಿಗೆ ತೋರಿಸಿ. ತಲೆಯೊಳಗಿನ ರಕ್ತಸ್ರಾವವೋ ಸೋಂಕೋ ಇರಬಹುದು.

ಆ ಮನೆಗೆ ನಾನು ಮತ್ತೆ ಹೋದೆ. ಸೊಸೆಯ ಕ್ಷಮೆ ಕೇಳಿದೆ. ಅಜ್ಜಿಯ ದೂರು ಅಷ್ಟರಲ್ಲಿ ಓಣಿಯೆಲ್ಲ ಸುತ್ತಿತ್ತು. ಅಕ್ಕಪಕ್ಕದವರನ್ನು ಅಂಗಳದಲ್ಲೇ ಕೂಡಿಸಿ ಇಷ್ಟನ್ನೂ ನಾನೇ ಹೇಳಿದೆ, ಸೊಸೆ ಹೇಳಿದರೆ ಯಾರೂ ನಂಬುವಂತಿರಲಿಲ್ಲ.