ನಿವೃತ್ತರ ನೆಲೆ: ಒಂದು ಭೌತವಿಜ್ಞಾನದ ಲೆಕ್ಕ

ಕರ್ನಾಟಕ ಸರ್ಕಾರದ ನೌಕರರು ಸಾಮಾನ್ಯವಾಗಿ 60 ವರ್ಷ ತುಂಬಿದೊಡನೆ ಸೇವೆಯಿಂದ ನಿವೃತ್ತರಾಗುತ್ತಾರೆ. ಆಗ ಅವರೆದುರಿಗೆ ನಿಲ್ಲುವ ಮೊದಲನೆಯ ಪ್ರಶ್ನೆ, ಉಳಿದ ಆಯುಷ್ಯವನ್ನು ಎಲ್ಲಿ ಕಳೆಯಬೇಕು ಎಂಬುದು. ಇದು ಹಿರಿಯರ ಚಿಂತೆ, ನಮಗೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಆದರೆ ಇಂದು ಕಾಲೇಜಿನಲ್ಲಿ ಓದುತ್ತಿರುವ ಅನೇಕರ ತಂದೆತಾಯಿಗಳು ಕೆಲವೇ ವರ್ಷಗಳಲ್ಲಿ ಈ ಪ್ರಶ್ನೆಯನ್ನು ಬಿಡಿಸಬೇಕಾಗಿದೆ. ಅದಕ್ಕೆ ಬೇಕಾದ ಗಣಿತವೆಲ್ಲವೂ ನಮ್ಮ ಪಠ್ಯಪುಸ್ತಕಗಳಲ್ಲಿ ಉಷ್ಣ, ಬಾಷ್ಪೀಭವನ, ಚಲನೆ ಎಂಬ ಅಧ್ಯಾಯಗಳಲ್ಲಿಯೇ ಇದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಮಂಠಾಳದಲ್ಲಿ ಹುಟ್ಟಿದ ಅಧ್ಯಾಪಕರೊಬ್ಬರು ಮಂಗಳೂರಿನಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗುತ್ತಿದ್ದಾರೆ. ಮಂಗಳೂರಿನಲ್ಲಿ ಬಾಡಿಗೆಯ ಮನೆಯಿದೆ, ಬೆಂಗಳೂರಿನಲ್ಲಿ ಮಗನಿದ್ದಾನೆ, ಮಂಠಾಳದಲ್ಲಿ ಹಿರಿಯರು ಬಿಟ್ಟುಹೋದ ಹಳೆಯ ಮನೆಯಿದೆ. ಪತಿಪತ್ನಿಯರಿಬ್ಬರೂ ಈ ಮೂರರಲ್ಲಿ ಒಂದನ್ನು ಆರಿಸಬೇಕು.

ಸರಾಸರಿಯ ಮೋಸ

ಭೂಗೋಳವನ್ನು ಓದಿದವರು ಕೂಡಲೇ ಎತ್ತರವನ್ನು ನೋಡುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಸ್ವಲ್ಪ ಎತ್ತರದಲ್ಲಿದೆ. ಬಸವಕಲ್ಯಾಣ, ಹುಮನಾಬಾದಗಳ ಸೀಮೆ ಸುಮಾರು 600 ಮೀಟರ್ ಎತ್ತರದಲ್ಲಿದೆ. ವಾಯುಮಂಡಲದಲ್ಲಿ ಒಂದು ಕಿಲೋಮೀಟರ್ ಮೇಲೇರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುವುದರಿಂದ, ಕೇವಲ ಎತ್ತರದ ಕಾರಣದಿಂದಲೇ ಬೆಂಗಳೂರು 2 ಡಿಗ್ರಿಯಷ್ಟು ತಂಪಾಗಿರಬೇಕು. ವರ್ಷದ ಸರಾಸರಿಯನ್ನು ನೋಡಿದರೆ ಲೆಕ್ಕ ಇಲ್ಲಿಗೇ ಮುಗಿಯಿತು ಎನ್ನಿಸುತ್ತದೆ.

ಆದರೆ ಮನುಷ್ಯನು ಸರಾಸರಿಯಲ್ಲಿ ಬದುಕುವುದಿಲ್ಲ. ವರ್ಷದಲ್ಲಿ 350 ದಿನ ಸುಖವಾಗಿದ್ದು, ಉಳಿದ ಕೆಲವು ದಿನಗಳಲ್ಲಿ ಒಂದನ್ನು ದಾಟಲಾರದೆ ಹೋದರೆ ಆ 350 ದಿನಗಳ ಸುಖದಿಂದ ಪ್ರಯೋಜನವಿಲ್ಲ. ಸೇತುವೆಯನ್ನು ಕಟ್ಟುವ ಇಂಜಿನಿಯರು ನದಿಯ ಸರಾಸರಿ ನೀರನ್ನಲ್ಲ, ಮಹಾಪೂರವನ್ನು ಲೆಕ್ಕಕ್ಕೆ ಹಿಡಿಯುತ್ತಾನೆ. ವೃದ್ಧಾಪ್ಯದ ನೆಲೆಯನ್ನೂ ಹಾಗೆಯೇ, ಅಲ್ಲಿನ ಅತಿ ಕಠಿಣವಾದ ದಿನದಿಂದ ಅಳೆಯಬೇಕೆಂಬುದೇ ಈ ಲೇಖನದ ತಾತ್ಪರ್ಯ.

ಬೇಸಗೆಯ ಮಧ್ಯಾಹ್ನ

ವಿಶ್ರಾಂತಿಯಲ್ಲಿರುವ ಮನುಷ್ಯದೇಹವು ಸುಮಾರು 80 ವಾಟ್ ದರದಲ್ಲಿ ಉಷ್ಣವನ್ನು ಉತ್ಪಾದಿಸುತ್ತದೆ. ಸುತ್ತಲಿನ ಗಾಳಿ ಚರ್ಮಕ್ಕಿಂತ ತಂಪಾಗಿರುವವರೆಗೆ ಈ ಉಷ್ಣವು ವಹನ, ಸಂವಹನ, ವಿಕಿರಣಗಳಿಂದ ಹೊರಹೋಗುತ್ತದೆ. ಗಾಳಿಯ ಉಷ್ಣತೆ ಚರ್ಮದ ಉಷ್ಣತೆಯನ್ನು, ಅಂದರೆ ಸುಮಾರು 35 ಡಿಗ್ರಿಯನ್ನು, ಮುಟ್ಟಿತೆಂದರೆ ಆ ಬಾಗಿಲುಗಳು ಮುಚ್ಚಿಹೋಗುತ್ತವೆ. ಬೆವರಿನ ಬಾಷ್ಪೀಭವನವೊಂದೇ ಉಳಿಯುತ್ತದೆ. ಒಂದು ಗ್ರಾಂ ಬೆವರು ಆರಲು ಸುಮಾರು 2,400 ಜೂಲ್ ಬೇಕು. ಗಂಟೆಗೆ ಉತ್ಪನ್ನವಾಗುವ 2,88,000 ಜೂಲುಗಳನ್ನು ಹೊರಹಾಕಲು 120 ಗ್ರಾಂ ಬೆವರು ಪೂರ್ತಿಯಾಗಿ ಆರಬೇಕು. ಎಂಟು ಗಂಟೆಗಳಿಗೆ ಇದು ಸುಮಾರು ಒಂದು ಲೀಟರ್ ಆಯಿತು. ಹೊರಗಿನಿಂದ ದೇಹಕ್ಕೆ ಬರುವ ಶಾಖವನ್ನು ಇನ್ನೂ ಸೇರಿಸಿಲ್ಲ.

ಈಗ ಎರಡು ಮಧ್ಯಾಹ್ನಗಳನ್ನು ಹೋಲಿಸೋಣ. ಮಂಠಾಳದಲ್ಲಿ ಉಷ್ಣತೆ 40 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 20 ಎಂದಿಟ್ಟುಕೊಳ್ಳಿ. ಮಂಗಳೂರಿನಲ್ಲಿ ಉಷ್ಣತೆ 33 ಡಿಗ್ರಿ, ಆರ್ದ್ರತೆ ಶೇಕಡ 75. ಉಷ್ಣತಾಮಾಪಕದ ಬಲ್ಬಿಗೆ ಒದ್ದೆ ಬಟ್ಟೆಯನ್ನು ಸುತ್ತಿ ಗಾಳಿಯಾಡುವ ನೆರಳಿನಲ್ಲಿಟ್ಟರೆ ಮೊದಲನೆಯ ಕಡೆ ಅದು ಸುಮಾರು 23 ಡಿಗ್ರಿಯನ್ನು, ಎರಡನೆಯ ಕಡೆ ಸುಮಾರು 29 ಡಿಗ್ರಿಯನ್ನು ತೋರಿಸುತ್ತದೆ. ಹೆಚ್ಚು ಬಿಸಿಯಾದ ಊರಿನಲ್ಲಿಯೇ ಒದ್ದೆಯ ಬಲ್ಬು ಹೆಚ್ಚು ತಂಪಾಗಿದೆ! ಒಣಗಾಳಿ ನೀರನ್ನು ಬೇಗ ಹೀರುವುದೇ ಇದಕ್ಕೆ ಕಾರಣ. ಮಂಠಾಳದ ಸೆಕೆಯನ್ನು ನೀರಿನಿಂದ ಗೆಲ್ಲಬಹುದು. ಕರಾವಳಿಯ ಸೆಕೆಗೆ ಆ ಉಪಾಯ ಅಷ್ಟಾಗಿ ಸಲ್ಲದು.

ಆದರೆ ಇಲ್ಲಿ ಒಂದು ಅಪಾಯ ಅಡಗಿದೆ. ವಯಸ್ಸಾದಂತೆ ಬೆವರುವ ಶಕ್ತಿ ಕುಗ್ಗುತ್ತದೆ, ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ಒಣಸೀಮೆಯಲ್ಲಿ ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುವುದರಿಂದ ದೇಹದಿಂದ ನೀರು ಹೋದದ್ದೇ ತಿಳಿಯುವುದಿಲ್ಲ. ಆದ್ದರಿಂದ ಹಿರಿಯರು ಬಾಯಾರುವವರೆಗೆ ಕಾಯದೆ ಹೊತ್ತುಹೊತ್ತಿಗೆ ನೀರು ಕುಡಿಯಬೇಕು. ಗಾಳಿ 40 ಡಿಗ್ರಿಯನ್ನು ದಾಟಿದಾಗ ಬರಿಯ ಬೀಸಣಿಗೆಯಾಗಲಿ ವಿದ್ಯುತ್ ಪಂಖವಾಗಲಿ ಬಿಸಿಗಾಳಿಯನ್ನೇ ಮೈಮೇಲೆ ತಳ್ಳುತ್ತದೆ. ಆಗ ಮೈಗೆ ಒದ್ದೆ ಬಟ್ಟೆ ಬೇಕು.

ಗೋಡೆ, ಮಾಳಿಗೆ ಮತ್ತು ನೆಲದ ನಡುಕ

ಹಗಲಿನ ಶಾಖವು ಗೋಡೆಯೊಳಗೆ ಒಂದು ತರಂಗದಂತೆ ಮೆಲ್ಲಗೆ ಸಾಗುತ್ತದೆ. ಒಂದು ಅಡಿ ದಪ್ಪದ ಮಣ್ಣಿನ ಗೋಡೆಯನ್ನು ದಾಟಲು ಅದಕ್ಕೆ ಸುಮಾರು 10 ಗಂಟೆ ಬೇಕು; ಒಳಮೈಯನ್ನು ತಲುಪುವಾಗ ಉಷ್ಣತೆಯ ಏರಿಳಿತ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆಯಾಗಿರುತ್ತದೆ. ನಾಲ್ಕೂವರೆ ಅಂಗುಲದ ಕಾಂಕ್ರೀಟು ಛಾವಣಿಯನ್ನು ಅದು ಸುಮಾರು 3 ಗಂಟೆಯಲ್ಲಿ ದಾಟುತ್ತದೆ, ತಗಡಿನ ಛಾವಣಿಯನ್ನು ಕೆಲವೇ ನಿಮಿಷಗಳಲ್ಲಿ. ಹಳೆಯ ಮಣ್ಣಿನ ಮಾಳಿಗೆಯ ಮನೆ ಮಧ್ಯಾಹ್ನ ತಂಪಾಗಿರುವುದು ಈ ಕಾರಣದಿಂದಲೇ. ಗೋಡೆ ನುಂಗಿದ ಶಾಖ ರಾತ್ರಿಯಲ್ಲಿ ಒಳಗೆ ಇಳಿಯುವ ಹೊತ್ತಿಗೆ ಜನರು ಬೇಸಗೆಯಲ್ಲಿ ಅಂಗಳದಲ್ಲೋ ಮಾಳಿಗೆಯ ಮೇಲೋ ಹಾಸಿಗೆ ಹಾಸುವುದು ಎಷ್ಟು ಸಮಂಜಸವಾದ ರೂಢಿ ಎಂಬುದನ್ನು ಗಮನಿಸಬೇಕು.

ಆದರೆ ದಪ್ಪ ಗೋಡೆಗೆ ಇನ್ನೊಂದು ಪರೀಕ್ಷೆಯಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಬಸವಕಲ್ಯಾಣದಿಂದ ನೇರ ರೇಖೆಯಲ್ಲಿ ಸುಮಾರು 40 ಕಿಲೋಮೀಟರ್ ದೂರದ ಕಿಲ್ಲಾರಿಯ ಸುತ್ತ ಭೂಕಂಪವಾಯಿತು. ಅದರ ಪರಿಮಾಣ ಸುಮಾರು 6.2. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಭಾರವಾದ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದು ಹತ್ತುಸಾವಿರದಷ್ಟು ಜನ ಮಡಿದರು. ಲೆಕ್ಕ ಸುಲಭ. 4 ಮೀಟರ್ ಉದ್ದ, 3 ಮೀಟರ್ ಎತ್ತರ, 60 ಸೆಂಟಿಮೀಟರ್ ದಪ್ಪದ ಕಲ್ಲಿನ ಗೋಡೆಯ ದ್ರವ್ಯರಾಶಿ ಸುಮಾರು 18,000 ಕಿಲೋಗ್ರಾಂ. ನೆಲವು ಸೆಕೆಂಡಿಗೆ ಸೆಕೆಂಡಿಗೆ 2 ಮೀಟರ್ ವೇಗೋತ್ಕರ್ಷದಿಂದ ಅಲುಗಿದರೆ ನ್ಯೂಟನ್ನನ ಎರಡನೆಯ ನಿಯಮದಂತೆ ಗೋಡೆ ತಾಳಿಕೊಳ್ಳಬೇಕಾದ ಬಲ 36,000 ನ್ಯೂಟನ್. ಅಷ್ಟೇ ಉದ್ದ, ಎತ್ತರದ 20 ಸೆಂಟಿಮೀಟರ್ ಇಟ್ಟಿಗೆ ಗೋಡೆಗೆ ಈ ಬಲ 10,000 ನ್ಯೂಟನ್ನಿಗಿಂತ ಕಡಿಮೆ.

ಸೆಕೆಗೆ ಒಳ್ಳೆಯದಾದ ಭಾರವೇ ಕಂಪನಕ್ಕೆ ಕೆಟ್ಟದ್ದು. ಹಳೆಯ ಮನೆಗೆ ಮರಳುವವರು ಇಂಜಿನಿಯರನ್ನು ಕರೆದು ತೋರಿಸಿ, ಮಾಳಿಗೆಯ ಮಣ್ಣಿನ ಹೊರೆಯನ್ನು ತಗ್ಗಿಸಿ, ಬಾಗಿಲುಗಳ ಮೇಲ್ಮಟ್ಟದಲ್ಲಿ ಮನೆಯ ಸುತ್ತಲೂ ಕಾಂಕ್ರೀಟಿನ ಪಟ್ಟಿಯನ್ನು ಕಟ್ಟಿಸುವುದು ಅಗತ್ಯ. ಕಳೆದುಕೊಂಡ ತಂಪನ್ನು ಛಾವಣಿಗೆ ಬಳಿದ ಬಿಳಿಯ ಸುಣ್ಣದಿಂದಲೂ ಪಶ್ಚಿಮದ ಗೋಡೆಗೆ ನೆರಳಾಗುವ ಮರದಿಂದಲೂ ಬಹುಮಟ್ಟಿಗೆ ಮರಳಿ ಪಡೆಯಬಹುದು.

ಮೇ ತಿಂಗಳ ನೀರು

ಈ ಸೀಮೆಯ ತಳದಲ್ಲಿರುವುದು ಬಸಾಲ್ಟ್ ಎಂಬ ಕಪ್ಪುಶಿಲೆ. ಅದರ ಮೇಲೆ ಅಲ್ಲಲ್ಲಿ ಜಂಬಿಟ್ಟಿಗೆಯ ಹೊದಿಕೆಯಿದೆ. ಬಸಾಲ್ಟಿನ ಬಿರುಕುಗಳಲ್ಲಿಯೂ ಶಿಥಿಲವಾದ ಪದರಗಳಲ್ಲಿಯೂ ಮಾತ್ರ ನೀರು ನಿಲ್ಲುವುದರಿಂದ, ಒಂದು ಬಾವಿಯಲ್ಲಿ ನೀರಿದ್ದರೂ ಪಕ್ಕದ ಬಾವಿ ಬತ್ತಿರಬಹುದು. ಆದರೆ ಆಕಾಶದಿಂದ ಬರುವ ನೀರಿನ ಲೆಕ್ಕ ಸ್ಪಷ್ಟ. ಬೀದರ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 850 ಮಿಲಿಮೀಟರ್. 60 ಚದರ ಮೀಟರ್ ಛಾವಣಿಯ ಮೇಲೆ ಬೀಳುವ ನೀರು 51,000 ಲೀಟರ್. ಅದರಲ್ಲಿ ಶೇಕಡ 80ನ್ನು ಹಿಡಿದರೆ ಸುಮಾರು 40,000 ಲೀಟರ್. ತಲೆಗೆ ದಿನಕ್ಕೆ 55 ಲೀಟರಿನಂತೆ ಇಬ್ಬರಿಗೆ ವರ್ಷಕ್ಕೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ! ಆದರೆ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಉಳಿದ ಎಂಟು ತಿಂಗಳಿಗೆ ಸುಮಾರು 26,000 ಲೀಟರನ್ನು ಕೂಡಿಡುವ ತೊಟ್ಟಿ ಬೇಕು. ಇಲ್ಲಿಯೂ ವರ್ಷದ ಮೊತ್ತ ಸಾಲದು, ಮೇ ತಿಂಗಳಿಗೆ ಉಳಿಯುವುದೆಷ್ಟು ಎಂದು ಕೇಳಬೇಕು.

ದೂರ ಮತ್ತು ನೆರೆ

ಸೆಕೆ, ನೀರು, ಕಂಪನ ಈ ಮೂರನ್ನೂ ಹಣ ಮತ್ತು ವಿವೇಕಗಳಿಂದ ಮನೆಯಲ್ಲಿಯೇ ತಿದ್ದಬಹುದು. ಮನೆಯನ್ನು ಎಷ್ಟು ತಿದ್ದಿದರೂ ಬದಲಾಗದುದು ದೂರ. ಬಸವಕಲ್ಯಾಣದಲ್ಲಿ ತಾಲ್ಲೂಕು ಆಸ್ಪತ್ರೆಯಿದೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಬೇಕೆಂದರೆ ಸುಮಾರು 80 ಕಿಲೋಮೀಟರ್ ದೂರದ ಬೀದರಕ್ಕೆ ಹೋಗಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದು ಎರಡು ಗಂಟೆಯ ದಾರಿ. ಹೃದಯಾಘಾತವಾದಾಗ ಕಳೆಯುವ ಪ್ರತಿಯೊಂದು ನಿಮಿಷದಲ್ಲಿಯೂ ಹೃದಯದ ಸ್ನಾಯು ಸ್ವಲ್ಪಸ್ವಲ್ಪವಾಗಿ ಸಾಯುತ್ತದೆ. ಬೆಂಗಳೂರಿನಲ್ಲಿ ಆಸ್ಪತ್ರೆ 10 ಕಿಲೋಮೀಟರ್ ದೂರದಲ್ಲಿದ್ದು, ವಾಹನಗಳ ದಟ್ಟಣೆಯಲ್ಲಿ ಗಂಟೆಗೆ 15 ಕಿಲೋಮೀಟರ್ ಸಾಗಿದರೂ 40 ನಿಮಿಷ ಸಾಕು. ಹೃದ್ರೋಗವಿರುವವರಿಗೆ ಈ ವ್ಯತ್ಯಾಸವೊಂದೇ ಉಳಿದೆಲ್ಲ ಲೆಕ್ಕಗಳನ್ನು ಮೀರಿಸಬಹುದು.

ಇನ್ನೊಂದು ಸಂಗತಿಯನ್ನು ಯಾವ ಮಾಪಕವೂ ತೋರಿಸದು. 1995ರ ಜುಲೈಯಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಕೆಲವೇ ದಿನಗಳ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ವೃದ್ಧರೇ ಹೆಚ್ಚು. ಆಗ ನಡೆದ ಅಧ್ಯಯನದಲ್ಲಿ, ಒಂಟಿಯಾಗಿ ವಾಸಿಸುತ್ತಿದ್ದವರಿಗೆ ಅಪಾಯ ಹೆಚ್ಚೆಂದೂ, ಬಂಧುಮಿತ್ರರ ಒಡನಾಟವಿದ್ದವರಿಗೆ ಕಡಿಮೆಯೆಂದೂ ಕಂಡುಬಂದಿತು. ಸಂಪನ್ನವಾದ ಮಹಾನಗರದಲ್ಲಿಯೂ, ಬೆಳಗ್ಗೆ ಬಾಗಿಲು ತೆರೆಯದಿದ್ದರೆ ಬಂದು ಕರೆಯುವವರು ಯಾರು ಎಂಬುದು ಜೀವನ್ಮರಣದ ಪ್ರಶ್ನೆಯಾಯಿತು. ಮಂಠಾಳದ ಓಣಿಯಲ್ಲಿ ಅಂಥ ನೆರೆಯವರು ಈಗಲೂ ಇದ್ದಾರೆಯೇ, ಅಥವಾ ಅವರೂ ಊರು ಬಿಟ್ಟಿದ್ದಾರೆಯೇ ಎಂಬುದನ್ನು ನಮ್ಮ ಅಧ್ಯಾಪಕರು ಹೋಗಿಯೇ ತಿಳಿಯಬೇಕು.

ಹಾಗಾದರೆ ಅವರಿಗೆ ನಮ್ಮ ಸಲಹೆಯೇನು? ಇಬ್ಬರ ಆರೋಗ್ಯವೂ ಗಟ್ಟಿಯಾಗಿದ್ದು, ಮನೆಯನ್ನು ತಿದ್ದಿಸುವ ಶಕ್ತಿಯಿದ್ದು, ಕರೆದರೆ ಓಗೊಡುವ ನೆರೆಯಿದ್ದರೆ ಮಂಠಾಳ ಒಳ್ಳೆಯ ನೆಲೆ. ಹೃದ್ರೋಗ ಮೊದಲಾದ ತುರ್ತಿನ ಕಾಯಿಲೆಗಳಿದ್ದರೆ ಬೆಂಗಳೂರೇ ಲೇಸು. ಮಂಠಾಳಕ್ಕೆ ಚಳಿಗಾಲದಲ್ಲಿ ಹೋಗಿ ಬರಬಹುದು. ಸಂದೇಹವಿರುವವರು ತೀರ್ಮಾನಕ್ಕೆ ಮುನ್ನ ಆ ಊರಿನಲ್ಲಿ ಒಂದು ತಿಂಗಳು ಇದ್ದು ನೋಡಲಿ. ಆ ತಿಂಗಳು ದೀಪಾವಳಿಯದಾಗಿರದೆ ಮೇ ಆಗಿರಲಿ.

ವಿದ್ಯಾರ್ಥಿಗಳಿಗೂ ಇದರಲ್ಲಿ ಕೆಲಸವಿದೆ. ಎರಡು ಸಾಧಾರಣ ಉಷ್ಣತಾಮಾಪಕಗಳನ್ನು ತಂದು, ಒಂದರ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿ, ಬರುವ ಬೇಸಗೆಯಲ್ಲಿ ನಿಮ್ಮ ಅಜ್ಜ ಅಜ್ಜಿಯರು ಮಲಗುವ ಕೋಣೆಯಲ್ಲಿ ಮಧ್ಯಾಹ್ನ 3 ಗಂಟೆಗೂ ರಾತ್ರಿ 12 ಗಂಟೆಗೂ ಅಳೆದು ಒಂದು ವಾರ ಬರೆದಿಡಿ. ಅಳತೆಗಳು ಕೈಗೆ ಬಂದ ಮೇಲೆ ಅವರ ಹಾಸಿಗೆ ಯಾವ ಕೋಣೆಯಲ್ಲಿರಬೇಕೆಂಬುದನ್ನಾದರೂ ನೀವೇ ನಿರ್ಣಯಿಸಬಲ್ಲಿರಿ.